ಬೇಲಿ ಹಾಕಿದವರು ಹೋದರು, ಬೇಲಿ ಉಳಿಯಿತು

ಬೆಳವಣಕಿ, ರೋಣ, ನರಗುಂದ, ಗಜೇಂದ್ರಗಡ ಕಡೆಯ ಮಂದಿಗೆ ದೊಡ್ಡ ಪೇಟೆ ಎಂದರೆ ಗದಗ. ಆ ಗದಗ ಬೆಟಗೇರಿಯಲ್ಲಿ ಬಾಸೆಲ್ ಮಿಷನ್‌ನವರು ಕಟ್ಟಿದ ದವಾಖಾನೆಯನ್ನು ಈಗಲೂ ಹಳಬರು ಜರ್ಮನ್ ದವಾಖಾನೆ ಎಂದೇ ಕರೆಯುತ್ತಾರೆ. ಅದು ಇಂದು ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯ ಆಡಳಿತದಲ್ಲಿದೆ. ಎರೆಹೊಲ ಬಿಟ್ಟು ಚೀಟಿ ಮಾಡಿಸಲು ಬಂದು ಸಾಲಿನಲ್ಲಿ ನಿಂತ ರೈತನಿಗೆ ಇದು ಯಾವ ಸಭೆಯದು ಎಂಬುದು ಬೇಕಿಲ್ಲ. ಆ ಪ್ರಶ್ನೆ ಏಳುವುದು ಕ್ರೈಸ್ತರ ಮನೆಗಳಲ್ಲೇ. ಹೆಣ್ಣು ನೋಡಲು ಹೋದಾಗ, ಬಾಡಿಗೆಗೆ ಮನೆ ಕೇಳಿದಾಗ, ಮಣ್ಣು ಕೊಡುವ ಹೊತ್ತಿನಲ್ಲೂ ಮೊದಲು ಬರುವ ಮಾತು ಒಂದೇ: "ನೀವು ಯಾವ ಸಭೆಯವರು?"

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಸುಮಾರು 11.4 ಲಕ್ಷ. ರಾಜ್ಯದ ಜನಸಂಖ್ಯೆಯಲ್ಲಿ ಶೇಕಡ 1.87. ಅದರಲ್ಲೂ ಹೆಚ್ಚಿನವರು ಬೆಂಗಳೂರು ಮತ್ತು ಕರಾವಳಿಯಲ್ಲಿದ್ದಾರೆ. ನಮ್ಮ ಗದಗ ಸೀಮೆಯಲ್ಲಿರುವವರು ತೀರ ಕಡಿಮೆ. ಇಷ್ಟು ಚಿಕ್ಕ ಸಮುದಾಯದೊಳಗೆ ಕಥೋಲಿಕರು, ಸಿಎಸ್‌ಐಯವರು, ಸಿಎಸ್‌ಐಗೆ ಸೇರದೆ ಉಳಿದ ಬಾಸೆಲ್ ಮಿಷನ್‌ನವರು, ಮೆಥೊಡಿಸ್ಟರು, ಪೆಂತೆಕೊಸ್ತರು, ಯಾರ ಪಟ್ಟಿಗೂ ಸೇರದ ಮನೆ ಪ್ರಾರ್ಥನೆಯವರು. ಕೆಲವರು ಕೊಟ್ಟ ದೀಕ್ಷಾಸ್ನಾನವನ್ನು ಇನ್ನು ಕೆಲವರು ಒಪ್ಪುವುದಿಲ್ಲ. ಒಬ್ಬರ ಬೋಧಕರು ಇನ್ನೊಬ್ಬರ ವೇದಿಕೆ ಹತ್ತುವುದು ಅಪರೂಪ. ಕ್ರಿಸ್ಮಸ್ ಹೊತ್ತಿಗೆ ಒಂದೆರಡು ದಿನ ಒಟ್ಟಾಗಿ ಹಾಡಿದರೆ ಅದೇ ದೊಡ್ಡ ಸುದ್ದಿ.

ಈ ಒಡಕುಗಳನ್ನು ದೈವಶಾಸ್ತ್ರದ ಜಗಳ ಎಂದು ತಿಳಿದರೆ ಅರ್ಧ ಮಾತ್ರ ತಿಳಿದಂತೆ. ನಮ್ಮ ಕಡೆಯ ಕ್ರೈಸ್ತರಲ್ಲಿ ಬಹುಪಾಲು ಜನ ಯಾವ ಸಭೆಯವರಾಗಬೇಕು ಎಂದು ಆಲೋಚಿಸಿ ಆದವರಲ್ಲ. ಅವರ ಊರು ಯಾವ ಮಿಷನ್‌ನ ಪಾಲಿಗೆ ಬಿದ್ದಿತ್ತೋ ಆ ಸಭೆಯವರಾದರು.

19ನೆಯ ಶತಮಾನದಲ್ಲಿ ಪ್ರಾಟೆಸ್ಟೆಂಟ್ ಮಿಷನ್‌ಗಳು ಕನ್ನಡ ನಾಡನ್ನು ತಮ್ಮತಮ್ಮಲ್ಲಿ ಹಂಚಿಕೊಂಡವು. ಒಬ್ಬರು ಬೇಸಾಯ ಮಾಡುವ ಹೊಲದಲ್ಲಿ ಇನ್ನೊಬ್ಬರು ಬೀಜ ಬಿತ್ತಬಾರದು ಎಂಬುದು ಅವರ ಒಪ್ಪಂದ. ಬಳ್ಳಾರಿಗೆ 1810ರಲ್ಲೇ ಲಂಡನ್ ಮಿಷನ್ ಬಂತು, 1820ರಲ್ಲಿ ಬೆಳಗಾವಿಗೂ. ಹಳೆಯ ಮೈಸೂರು ಸೀಮೆಯ ಬಹುಭಾಗ ವೆಸ್ಲಿಯನ್ನರಿಗೆ ಹೋಯಿತು. ಬೀದರ್, ಕಲಬುರಗಿ, ರಾಯಚೂರು, ಕೋಲಾರ ಅಮೆರಿಕದ ಮೆಥೊಡಿಸ್ಟರ ಪಾಲಾದವು. ಧಾರವಾಡ, ಹುಬ್ಬಳ್ಳಿ, ಗದಗ, ಗುಳೇದಗುಡ್ಡ ಬಾಸೆಲ್ ಮಿಷನ್‌ಗೆ ಬಂದವು. 1904ರಲ್ಲಿ ಲಂಡನ್ ಮಿಷನ್ ಬೆಳಗಾವಿಯ ಕೆಲಸವನ್ನು ಮೆಥೊಡಿಸ್ಟರಿಗೆ ಬಿಟ್ಟುಕೊಟ್ಟಿತು. ನಿನ್ನೆಯವರೆಗೆ ಒಂದು ಸಭೆಯವರಾಗಿದ್ದ ಜನ ಯಾವುದೇ ವಾದ, ಯಾವುದೇ ಮತಭೇದ ಇಲ್ಲದೆ ಇನ್ನೊಂದು ಸಭೆಯವರಾದರು. ಕೈ ಬದಲಾಯಿಸಿದ್ದು ಕಾಗದಪತ್ರ. ಬದಲಾದದ್ದು ಅವರ ಮೊಮ್ಮಕ್ಕಳ ಗುರುತು.

ಬಾಸೆಲ್ ಮಿಷನ್ ಬಗ್ಗೆ ಒಂದು ಮಾತು ಇಲ್ಲಿ ಹೇಳಲೇಬೇಕು. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಈ ಸಂಸ್ಥೆ ಲೂಥರನ್ನರನ್ನೂ ರಿಫಾರ್ಮ್ಡ್ ಪಂಥದವರನ್ನೂ ಒಟ್ಟಿಗೆ ಕೂಡಿಸಿಕೊಂಡದ್ದು. ಯುರೋಪಿನಲ್ಲಿ ಇನ್ನೂರೈವತ್ತು ವರ್ಷ ಕಾದಾಡಿದ ಎರಡು ಬಣಗಳ ಹುಡುಗರು ಒಂದೇ ಶಾಲೆಯಲ್ಲಿ ಕಲಿತು ಬಂದರು. 1834ರ ಅಕ್ಟೋಬರ್‌ನಲ್ಲಿ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದಿಳಿದರು. 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಬೆಟಗೇರಿ. ನಿಘಂಟುಕಾರ ಕಿಟೆಲ್, ಮಂಗಳೂರ ಸಮಾಚಾರ ತೆಗೆದ ಮೋಗ್ಲಿಂಗ್ ಇದೇ ಬಳಗದವರು. ಪಂಥಗಳ ಜಗಳವನ್ನು ಹಿಂದೆ ಬಿಟ್ಟು ಬಂದವರ ಕೈಯಲ್ಲಿ ಬೆಳೆದ ಸಭೆಗಳೇ ಮುಂದೆ ಇಬ್ಭಾಗವಾದದ್ದು ನನಗೆ ಈ ಇಡೀ ಕಥೆಯಲ್ಲಿ ಹೆಚ್ಚು ನೋವು ಕೊಡುವ ಸಂಗತಿ.

ಗದಗದ ಪಕ್ಕದ ಮಲಸಮುದ್ರದ ಕಥೆ ಇನ್ನೂ ವಿಚಿತ್ರ. ಆ ಕಾಲಕ್ಕೆ ಈ ಭಾಗದಲ್ಲಿ ಕಾಲಜ್ಞಾನದ ಹೊತ್ತಿಗೆಗಳನ್ನು ನಂಬಿಕೊಂಡ ಒಂದು ಗುಂಪಿತ್ತು. ನಾಡಿನ ಕಷ್ಟ ತೀರಿಸುವ ಒಬ್ಬ ಬರುತ್ತಾನೆ ಎಂದು ಕಾಯುತ್ತಿದ್ದ ಆ ಜನ ಮಿಷನರಿಗಳ ಮಾತು ಕೇಳಿ, ತಾವು ಕಾಯುತ್ತಿದ್ದದ್ದು ಇದಕ್ಕೇ ಇರಬೇಕು ಎಂದುಕೊಂಡರು. ಅವರಿಗಾಗಿಯೇ ಮಲಸಮುದ್ರದಲ್ಲಿ ಒಂದು ಒಕ್ಕಲು ನೆಲೆ ಎದ್ದಿತು. ಕೊನೆಗೆ ಹೆಚ್ಚಿನವರು ದೂರ ಸರಿದರು. ಮಿಷನ್‌ನವರು ಬಯಸಿದ ಪಶ್ಚಾತ್ತಾಪ ಒಂದು, ಜನ ಬಯಸಿದ ಬಿಡುಗಡೆ ಇನ್ನೊಂದು. ಈ ನೆಲದ ಹಂಬಲಗಳಿಂದ ಹುಟ್ಟಬಹುದಾಗಿದ್ದ ಒಂದು ಸಭೆ ಹುಟ್ಟಲೇ ಇಲ್ಲ. ಉಳಿದದ್ದು ಹೊರಗಿನಿಂದ ಬಂದ ನಕಾಶೆ.

ಆ ನಕಾಶೆಯನ್ನೂ ಹೊರಗಿನ ಗಾಳಿಯೇ ಅಲುಗಾಡಿಸಿತು. 1914ರಲ್ಲಿ ಯುದ್ಧ ಶುರುವಾದಾಗ ಬಾಸೆಲ್ ಮಿಷನ್‌ನ ಜರ್ಮನ್ನರು ಬ್ರಿಟಿಷರಿಗೆ ಶತ್ರುಗಳಾದರು. ಅವರನ್ನು ಬಂಧಿಸಿಟ್ಟರು, ಆಮೇಲೆ ದೇಶದಿಂದ ಕಳಿಸಿದರು. ಹಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಗೆ ಹೋದವು. ಮಲಬಾರಿನ ಬಾಸೆಲ್ ಸಭೆಗಳು 1919ರಲ್ಲಿ ದಕ್ಷಿಣ ಭಾರತ ಐಕ್ಯ ಸಭೆಗೆ ಸೇರಿಕೊಂಡವು. ಇತ್ತ ಧಾರವಾಡ ಸೀಮೆಯ ಸಭೆಗಳನ್ನು ಸ್ವಿಸ್ ನೆರವಿನ ಕೆನರೀಸ್ ಇವ್ಯಾಂಜೆಲಿಕಲ್ ಮಿಷನ್ ನೋಡಿಕೊಂಡಿತು. ಒಂದೇ ತಾಯಿಯ ಮಕ್ಕಳು ಎರಡು ಮನೆ ಸೇರಿದ್ದು ಹೀಗೆ. ಇದರಲ್ಲಿ ಬೆಟಗೇರಿಯ ನೇಕಾರ ಕ್ರೈಸ್ತನ ಪಾತ್ರ ಏನಿತ್ತು? ಏನೂ ಇಲ್ಲ.

ಅದೇ 1919ರ ಮೇ ತಿಂಗಳಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಕೆಲವು ಬೋಧಕರು ಕೂಡಿ ಕುಳಿತರು. ಹೆಚ್ಚಿನವರು ಭಾರತೀಯರು. ದೋರ್ನಕಲ್ಲಿನ ಬಿಷಪ್ ಅಜರಯ್ಯ ಅವರಲ್ಲಿ ಪ್ರಮುಖರು. ಈ ಒಡಕುಗಳನ್ನು ನಾವು ಮಾಡಿದ್ದಲ್ಲ, ಹೊರಗಿನವರು ನಮ್ಮ ಮೇಲೆ ಹೇರಿದ್ದು, ಇವನ್ನು ಮುಂದುವರಿಸುವ ಮನಸ್ಸು ನಮಗಿಲ್ಲ ಎಂಬುದು ಅವರ ಹೇಳಿಕೆಯ ತಿರುಳು. ಆ ಮಾತು ನಿಜವಾಗಲು 28 ವರ್ಷ ಬೇಕಾಯಿತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್ನರು, ವೆಸ್ಲಿಯನ್ ಪರಂಪರೆಯ ಮೆಥೊಡಿಸ್ಟರು, ಐಕ್ಯ ಸಭೆಯವರು ಒಂದಾಗಿ ದಕ್ಷಿಣ ಭಾರತ ಸಭೆ ಕಟ್ಟಿದರು. ದೇಶ ಇಬ್ಭಾಗವಾಗಿ ರಕ್ತ ಹರಿಯುತ್ತಿದ್ದ ದಿನಗಳು ಅವು. ಬಿಷಪ್ಪರೇ ಬೇಡ ಎನ್ನುತ್ತಿದ್ದವರೂ ಬಿಷಪ್ಪರಿಲ್ಲದೆ ಸಭೆಯೇ ಇಲ್ಲ ಎನ್ನುತ್ತಿದ್ದವರೂ ಒಂದೇ ಮೇಜಿನ ರೊಟ್ಟಿ ಮುರಿದರು. ಮೈಸೂರು ಧರ್ಮಪ್ರಾಂತಕ್ಕೆ ಗುರುಶಾಂತ ಎಂಬ ಕನ್ನಡಿಗರೇ ಮೊದಲ ಬಿಷಪ್ ಆದರು.

ವಿರೋಧ ಇಲ್ಲದಿರಲಿಲ್ಲ. ಇಂಗ್ಲೆಂಡಿನ ಆಂಗ್ಲಿಕನ್ನರಲ್ಲಿ ಒಂದು ವರ್ಗ ಈ ಕೂಟವನ್ನು ಪೂರ್ತಿ ಒಪ್ಪಲಿಲ್ಲ. ಆಂಧ್ರದ ನಂದ್ಯಾಲದ ಆಂಗ್ಲಿಕನ್ನರು 1975ರವರೆಗೂ ಹೊರಗೇ ಉಳಿದರು. ನಮ್ಮ ಧಾರವಾಡ, ಗದಗ, ಹುಬ್ಬಳ್ಳಿಯ ಬಾಸೆಲ್ ಸಭೆಗಳೂ 1947ರಲ್ಲಿ ಸೇರಲಿಲ್ಲ. ಅವು ದಕ್ಷಿಣ ಕನ್ನಡದ ಸಭೆಗಳ ಜತೆ ಸಿಎಸ್‌ಐಗೆ ಬಂದದ್ದು 1968ರಲ್ಲಿ. ಆಗಲೂ ಎಲ್ಲರೂ ಬರಲಿಲ್ಲ. ಒಂದು ಭಾಗ ಹಿಂದೆಯೇ ನಿಂತು ಯುನೈಟೆಡ್ ಬಾಸೆಲ್ ಮಿಷನ್ ಚರ್ಚ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ಉಡುಪಿಗೆ ಹೋದವರು ಮಿಷನ್ ಕಾಂಪೌಂಡಿನ ಯುಬಿಎಂ ಜ್ಯೂಬಿಲಿ ಚರ್ಚಿನ ಫಲಕದಲ್ಲಿ ಆ ಹೆಸರನ್ನು ಇಂದಿಗೂ ಓದಬಹುದು.

ಹಿಂದೆ ನಿಂತವರ ಮನಸ್ಸನ್ನು ಹಗುರವಾಗಿ ತೆಗೆದುಹಾಕುವಂತಿಲ್ಲ. ಬಾಸೆಲ್ ಸಭೆಗಳಲ್ಲಿ ಬಿಷಪ್ ಎಂಬ ಹುದ್ದೆಯೇ ಇರಲಿಲ್ಲ. ಊರಿನ ಹಿರಿಯರು, ಉಪದೇಶಿಗಳು, ಸಭಾಪಾಲಕರು ಕೂಡಿ ನಡೆಸುತ್ತಿದ್ದ ಸಭೆ ಅದು. ದೂರದ ಊರಿನಲ್ಲಿ ಕುಳಿತ ಬಿಷಪ್ ನಮ್ಮ ಬೋಧಕರನ್ನು ವರ್ಗ ಮಾಡುತ್ತಾರೆ, ನಮ್ಮ ಅಜ್ಜ ಮುತ್ತಜ್ಜರು ಕಟ್ಟಿದ ಗುಡಿಯ ಬೀಗದ ಕೈ ಕೇಳುತ್ತಾರೆ ಎಂಬ ಭಯ ಸುಳ್ಳು ಭಯವೇನಲ್ಲ. ಆದರೆ ಆ ಭಯದ ಹಿಂದೆ ಇನ್ನೊಂದು ಸಂಗತಿಯೂ ಇತ್ತು. ಬಾಸೆಲ್ ಮಿಷನ್ ಬಿಟ್ಟುಹೋದ ಜಮೀನು, ಶಾಲೆ, ಕಾಂಪೌಂಡುಗಳಿಗೆ ನಿಜವಾದ ವಾರಸುದಾರರು ಯಾರು? ಸಿಎಸ್‌ಐಯೋ, ಉಳಿದ ಬಾಸೆಲ್ ಸಭೆಯೋ? ಈ ಪ್ರಶ್ನೆ ಕೋರ್ಟು ಹತ್ತಿತು. ಊರು ಬೆಳೆದು ಮಿಷನ್ ಕಾಂಪೌಂಡುಗಳು ಪೇಟೆಯ ನಡುವೆ ಬಂದ ಮೇಲೆ ಚದರಡಿಯ ಬೆಲೆ ಏರಿತು, ಜಗಳವೂ ಏರಿತು. ಒಂದೇ ಸಿಎಸ್‌ಐ ಒಳಗೂ ಧರ್ಮಪ್ರಾಂತದ ಚುನಾವಣೆ ಬಂದರೆ ಬಣಗಳು ಏಳುತ್ತವೆ. ಯಾರು ಗೆದ್ದರೆ ಶಾಲೆಯ ನೇಮಕಾತಿ, ಅಂಗಡಿ ಮಳಿಗೆಯ ಬಾಡಿಗೆ, ಟ್ರಸ್ಟಿನ ಸಹಿ ಯಾರ ಕೈಗೆ ಎಂಬುದೇ ಅಲ್ಲಿಯ ಲೆಕ್ಕ. ದೈವಶಾಸ್ತ್ರದ ಭಿನ್ನಾಭಿಪ್ರಾಯ ಹತ್ತು ವರ್ಷಕ್ಕೆ ಮರೆತುಹೋಗುತ್ತದೆ. ಸರ್ವೆ ನಂಬರಿನ ಭಿನ್ನಾಭಿಪ್ರಾಯ ಮೂರು ತಲೆಮಾರು ಬದುಕುತ್ತದೆ.

ಮೆಥೊಡಿಸ್ಟರದು ಮತ್ತೊಂದು ದಾರಿ. 1970ರ ನವೆಂಬರ್‌ನಲ್ಲಿ ನಾಗಪುರದಲ್ಲಿ ಉತ್ತರ ಭಾರತ ಸಭೆ ಕಟ್ಟುವಾಗ ಅಮೆರಿಕನ್ ಪರಂಪರೆಯ ಮೆಥೊಡಿಸ್ಟರು ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದರು. ಇಂದಿಗೂ ಬೆಳಗಾವಿ, ಬೀದರ್, ಕಲಬುರಗಿ, ಕೋಲಾರದಲ್ಲಿ ಮೆಥೊಡಿಸ್ಟ್ ಸಭೆ ಬೇರೆ, ಧಾರವಾಡ, ಗದಗದಲ್ಲಿ ಸಿಎಸ್‌ಐ ಬೇರೆ. ಗದಗದ ಹುಡುಗಿ ಬೆಳಗಾವಿಗೆ ಮದುವೆಯಾಗಿ ಹೋದರೆ ಸಭಾ ವರ್ಗಾವಣೆಯ ಪತ್ರ ಹಿಡಿದೇ ಹೋಗಬೇಕು.

ಕಥೋಲಿಕರಲ್ಲಿ ಒಂದೇ ಪೋಪ್, ಒಂದೇ ಸಭೆ, ಆದ್ದರಿಂದ ಒಡಕಿಲ್ಲ ಎಂದು ಹೊರಗಿನವರು ತಿಳಿಯುತ್ತಾರೆ. ಕರಾವಳಿಯ ಇತಿಹಾಸ ಬೇರೆ ಹೇಳುತ್ತದೆ. ಪೋರ್ಚುಗಲ್ ದೊರೆಗೆ ಪೂರ್ವ ದೇಶಗಳಲ್ಲಿ ಬಿಷಪ್ಪರನ್ನು ಸೂಚಿಸುವ ಹಕ್ಕಿತ್ತು, ಅದನ್ನು ಪದ್ರೋಆದೋ ಎನ್ನುತ್ತಿದ್ದರು. ರೋಮಿನ ಪ್ರೊಪಗಾಂದಾ ಇಲಾಖೆ ನೇರವಾಗಿ ಕಳಿಸಿದ ಪಾದ್ರಿಗಳು ಬಂದ ಮೇಲೆ ಎರಡು ಆಳ್ವಿಕೆಗಳು ಒಂದೇ ಊರಿನಲ್ಲಿ ಎದುರಾದವು. ಗೋವೆಯ ಬಣ, ರೋಮಿನ ಬಣ. 17ನೆಯ ಶತಮಾನದಲ್ಲೇ ಮಂಗಳೂರಿನಲ್ಲಿ ಶುರುವಾದ ಈ ತಿಕ್ಕಾಟ ಇನ್ನೂರು ವರ್ಷ ನಡೆಯಿತು. 1886ರ ಒಪ್ಪಂದದ ಬಳಿಕ ದಕ್ಷಿಣ ಕೆನರಾ ಗೋವೆಯಿಂದ ಬೇರ್ಪಟ್ಟಾಗ ಕಲ್ಯಾಣಪುರ, ಬ್ರಹ್ಮಾವರ ಸೀಮೆಯ ಒಂದಷ್ಟು ಮನೆಗಳು ಒಪ್ಪಲಿಲ್ಲ. ಅವರು ಗೋವೆಯ ಪಾದ್ರಿ ಅಲ್ವಾರಿಸ್ ಅವರ ಹಿಂದೆ ಹೋದರು. ಅಲ್ವಾರಿಸ್ ರೋಮನ್ನು ಬಿಟ್ಟು 1889ರಲ್ಲಿ ಕೇರಳದ ಸಿರಿಯನ್ ಆರ್ಥೊಡಾಕ್ಸ್ ಸಭೆಯಿಂದ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಬಿಷಪ್ ಪಟ್ಟ ಪಡೆದರು. ಪಾದ್ರಿ ರೋಕ್ ಜೆಫಿರಿನ್ ನೊರೊನ್ಹಾ ಬ್ರಹ್ಮಾವರದಲ್ಲಿ ದಶಕಗಳ ಕಾಲ ಆ ಸಮುದಾಯವನ್ನು ಕಾಪಾಡಿದರು.

ಯೋಚಿಸಿ ನೋಡಿ. ಕೊಂಕಣಿ ಮಾತಾಡುವ ರೈತರು, ಲ್ಯಾಟಿನ್ ಪದ್ಧತಿಯ ಪೂಜೆ, ಅಂತಿಯೋಕ್ಯದ ಪರಂಪರೆಯ ಬಿಷಪ್, ಜಗಳ ಲಿಸ್ಬನ್ನಿಗೂ ರೋಮಿಗೂ. ನೆರೆಹೊರೆಯ ಮನೆಗಳ ನಡುವೆ ಮದುವೆ ಸಂಬಂಧ ನಿಂತದ್ದು ಮಾತ್ರ ಬ್ರಹ್ಮಾವರದಲ್ಲಿ. ಇಂದು ಬ್ರಹ್ಮಾವರ ಮಲಂಕರ ಆರ್ಥೊಡಾಕ್ಸ್ ಸಭೆಯ ಒಂದು ಧರ್ಮಪ್ರಾಂತದ ಕೇಂದ್ರ. ಆ ಮಲಂಕರ ಸಭೆಯೇ ಕೇರಳದಲ್ಲಿ ಯಾಕೋಬಾಯರೊಂದಿಗೆ ಚರ್ಚುಗಳ ಒಡೆತನಕ್ಕೆ ಶತಮಾನ ಕಾಲ ವ್ಯಾಜ್ಯ ಆಡಿ, 2017ರ ಜುಲೈನಲ್ಲಿ ಸುಪ್ರೀಂ ಕೋರ್ಟಿನಿಂದ ತೀರ್ಪು ತಂದಿತು. ತೀರ್ಪಿನ ನಂತರವೂ ಚರ್ಚಿನ ಬಾಗಿಲಲ್ಲಿ ಪೊಲೀಸರು ನಿಲ್ಲಬೇಕಾಯಿತು. ಹೆಣ ಹೂಳಲು ಜಾಗಕ್ಕಾಗಿ ಜಗಳ ನಡೆದು, 2020ರಲ್ಲಿ ಕೇರಳ ಸರ್ಕಾರ ಸ್ಮಶಾನದ ಹಕ್ಕಿಗೇ ಒಂದು ಕಾನೂನು ಮಾಡಬೇಕಾಯಿತು. ನಮ್ಮ ಗದಗ ಸೀಮೆಯ ಕಥೋಲಿಕರ ಬೆಳಗಾವಿ ಧರ್ಮಪ್ರಾಂತವೂ ಗೋವೆ ಮತ್ತು ಪುಣೆ ಎರಡೂ ಕಡೆಯ ನೆಲ ಸೇರಿಸಿ 1953ರಲ್ಲಿ ಆದದ್ದು. ಹಳೆಯ ಗಡಿಯ ಗುರುತು ಇಲ್ಲಿಗೂ ಬಂದು ಮುಟ್ಟಿತ್ತು.

ಇದೆಲ್ಲ ಹಳೆಯ ಗಾಯ. ಈಗಿನ ಗಾಯ ಬೇರೆ, ಅದು ಮನೆಯೊಳಗಿನದು.

ಅಪ್ಪ ಸಿಎಸ್‌ಐ ಸಭೆಯ ಹಿರಿಯ. ಕೂಸಿದ್ದಾಗಲೇ ಹಣೆಗೆ ನೀರು ಹಾಕಿಸಿಕೊಂಡ ಮಗ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗಿ ಪೆಂತೆಕೊಸ್ತ್ ಪ್ರಾರ್ಥನೆಗೆ ಹತ್ತಿಕೊಳ್ಳುತ್ತಾನೆ. ಅಲ್ಲಿ ಕೈ ತಟ್ಟಿ ಹಾಡುತ್ತಾರೆ, ಅನ್ಯಭಾಷೆ ಆಡುತ್ತಾರೆ, ರೋಗಕ್ಕೆ ಕೈಯಿಟ್ಟು ಪ್ರಾರ್ಥಿಸುತ್ತಾರೆ, ಕುಡಿತ ಬಿಡಿಸುತ್ತಾರೆ. ಕೂಸಿಗೆ ಹಾಕಿದ ನೀರು ದೀಕ್ಷಾಸ್ನಾನವೇ ಅಲ್ಲ, ನಂಬಿದ ಮೇಲೆ ಮುಳುಗಬೇಕು ಎನ್ನುತ್ತಾರೆ. ಮಗ ಕಾಲುವೆಯಲ್ಲಿ ಮುಳುಗಿ ಎದ್ದು ಬರುತ್ತಾನೆ. ಅಪ್ಪನಿಗೆ ಅದು ತನ್ನ ಅಪ್ಪ ಅಜ್ಜರ ನಂಬಿಕೆಗೆ ಉಗುಳಿದಂತೆ. ಸಭಾಪಾಲಕರು ದಫ್ತರದಿಂದ ಹೆಸರು ತೆಗೆಯುವ ಮಾತಾಡುತ್ತಾರೆ. ಮಗ ಸಭೆಯವರನ್ನು ಹೆಸರಿಗಷ್ಟೇ ಕ್ರೈಸ್ತರು ಎನ್ನುತ್ತಾನೆ. ಇಬ್ಬರಲ್ಲಿ ಒಬ್ಬರು ತೀರಿಕೊಂಡ ದಿನ ಯಾವ ಪಾಸ್ಟರ್ ಪ್ರಾರ್ಥಿಸಬೇಕು, ಯಾವ ಸ್ಮಶಾನ ಎಂದು ಶವದ ಮುಂದೆಯೇ ಮಾತು ಬೆಳೆಯುತ್ತದೆ. ಇಂಥ ಮನೆಗಳನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಹಳೆಯ ಸಭೆಗಳು ಪೆಂತೆಕೊಸ್ತರನ್ನು ಕುರಿ ಕದಿಯುವವರು ಎಂದು ಬೈಯುತ್ತವೆ. ಬೈಯುವ ಮೊದಲು, ಹಸಿದ ಹುಡುಗನಿಗೆ ತಮ್ಮ ಕಟ್ಟಡದಲ್ಲಿ ಏನು ಸಿಗುತ್ತಿತ್ತು ಎಂದು ಕೇಳಿಕೊಳ್ಳುವುದು ಕಡಿಮೆ. ಪೆಂತೆಕೊಸ್ತರೂ ಅಷ್ಟೇ, ನೂರೆಂಬತ್ತು ವರ್ಷ ಈ ಎರೆಮಣ್ಣಿನಲ್ಲಿ ಶಾಲೆ ದವಾಖಾನೆ ನಡೆಸಿದವರ ನಂಬಿಕೆ ಸತ್ತಿದೆ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ.

ರಾಜಕೀಯಕ್ಕೆ ಬೇಕಾದದ್ದು ಈ ಬಿರುಕೇ. 2008ರ ಸೆಪ್ಟೆಂಬರ್ 14, ಭಾನುವಾರ. ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠಕ್ಕೆ ನುಗ್ಗಿದವರು ಶಿಲುಬೆ ಒಡೆದರು, ಪರಮ ಪ್ರಸಾದದ ಪೆಟ್ಟಿಗೆ ಕೆಡವಿದರು. ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಸೇರಿ ಹಲವೆಡೆ ದಾಳಿಗಳಾದವು. ದಾಳಿಗೆ ಕೊಟ್ಟ ನೆಪ ನ್ಯೂ ಲೈಫ್ ಎಂಬ ಹೊಸ ಗುಂಪಿನ ಮತಪ್ರಚಾರ ಮತ್ತು ಹಿಂದೂ ದೇವರನ್ನು ನಿಂದಿಸಿದ್ದೆನ್ನಲಾದ ಒಂದು ಹೊತ್ತಿಗೆ. ಪೆಟ್ಟು ಬಿದ್ದದ್ದು ಹೊರಗೆ ಕಾಲಿಡದ, ಮೌನವ್ರತದ ಕಥೋಲಿಕ ಸನ್ಯಾಸಿನಿಯರಿಗೆ. ಒಡೆಯಲು ಬಂದವರಿಗೆ ಸಭೆಯ ಭೇದ ಗೊತ್ತಿರಲಿಲ್ಲ, ಗೊತ್ತಿದ್ದರೂ ಬೇಕಿರಲಿಲ್ಲ. ಆದರೆ ಆಮೇಲೆ ಸಮಾಧಾನದ ಮಾತಾಡಿದವರಿಗೆ ಆ ಭೇದ ಚೆನ್ನಾಗಿ ಉಪಯೋಗಕ್ಕೆ ಬಂತು. ಹಳೆಯ ಚರ್ಚಿನವರು ಒಳ್ಳೆಯವರು, ಹೊಸಬರಿಂದಲೇ ತಂಟೆ ಎಂಬ ಮಾತು ಹರಡಿತು. ಹಳೆಯ ಸಭೆಗಳಲ್ಲೂ ಕೆಲವರು ನಮಗೂ ಅವರಿಗೂ ಸಂಬಂಧವಿಲ್ಲ ಎಂದು ಹೇಳಿ ಕೈ ತೊಳೆದುಕೊಂಡರು. ಭಯದಲ್ಲಿ ಹೇಳಿದ ಮಾತು ಎಂದು ಅದನ್ನು ಅರ್ಥ ಮಾಡಿಕೊಳ್ಳಬಹುದು. ಆದರೆ ನೆರೆಯವನ ಮನೆಗೆ ಬೆಂಕಿ ಬಿದ್ದಾಗ ಅವನ ಗುರುತಿನ ಚೀಟಿ ಕೇಳುವುದು ಕ್ರಿಸ್ತನ ಹೆಸರು ಹೇಳುವವರಿಗೆ ಒಪ್ಪುವ ಮಾತಲ್ಲ. ಈ ದಾಳಿಗಳ ತನಿಖೆ ನಡೆಸಿದ ಸೋಮಶೇಖರ ಆಯೋಗ 2011ರಲ್ಲಿ ಕೊಟ್ಟ ಅಂತಿಮ ವರದಿಯನ್ನು ಕ್ರೈಸ್ತ ಸಂಘಟನೆಗಳು ತಿರಸ್ಕರಿಸಿದವು.

2021ರ ಅಕ್ಟೋಬರ್‌ನಲ್ಲಿ ಗದಗದಿಂದ ಒಂದು ತಾಸಿನ ದಾರಿಯ ಹುಬ್ಬಳ್ಳಿಯ ಭೈರಿದೇವರಕೊಪ್ಪದಲ್ಲಿ ಒಂದು ಪ್ರಾರ್ಥನಾ ಮನೆಯೊಳಗೆ ಬೇರೆಯವರು ಕುಳಿತು ಭಜನೆ ಮಾಡಿದರು. ಬಂಧನವಾದದ್ದು ಆ ಮನೆಯ ಪಾಸ್ಟರ್‌ಗೆ. ಅದೇ ತಿಂಗಳು ವಿಧಾನಮಂಡಲದ ಒಂದು ಸಮಿತಿ ರಾಜ್ಯದ ಅಧಿಕೃತ ಮತ್ತು ಅನಧಿಕೃತ ಚರ್ಚುಗಳ ಸಮೀಕ್ಷೆಗೆ ಸೂಚಿಸಿತು. ಈ ಎರಡು ಪದಗಳ ಮಧ್ಯೆ ಗೆರೆ ಎಳೆಯುವುದೇ ಅಲ್ಲಿಯ ಕೆಲಸ. ದೊಡ್ಡ ಗೋಪುರ, ಟ್ರಸ್ಟು, ಖಾತೆ ಉತಾರ ಇದ್ದವರು ಅಧಿಕೃತರು. ತಗಡಿನ ಶೆಡ್ಡಿನಲ್ಲಿ ಇಪ್ಪತ್ತು ಜನ ಸೇರಿ ಹಾಡುವವರು ಅನಧಿಕೃತರು. ಅವರಲ್ಲಿ ಹೆಚ್ಚಿನವರು ಕೂಲಿಯವರು, ದಲಿತರು.

2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಜಾರಿಗೆ ಬಂತು. ಮತ ಬದಲಿಸುವವರು 30 ದಿನ ಮುಂಚೆ ಜಿಲ್ಲಾಧಿಕಾರಿಗೆ ಹೇಳಬೇಕು, ಬಲವಂತ ಅಥವಾ ಆಮಿಷದ ಮತಾಂತರಕ್ಕೆ 3ರಿಂದ 5 ವರ್ಷ, ಪರಿಶಿಷ್ಟರು, ಮಹಿಳೆಯರು, ಅಪ್ರಾಪ್ತರ ವಿಷಯದಲ್ಲಿ 10 ವರ್ಷದವರೆಗೆ ಜೈಲು. ಅಚ್ಚರಿ ಎಂದರೆ, ಯಾವ ಸಿನೋಡಿಗೂ ಸಾಧ್ಯವಾಗದ್ದನ್ನು ಈ ಕಾಯ್ದೆ ಮಾಡಿಸಿತು. ಬೆಂಗಳೂರಿನ ಕಥೋಲಿಕ ಆರ್ಚ್‌ಬಿಷಪ್ ಪೀಟರ್ ಮಚಾದೊ ಮುಂದಾಳತ್ವದ ಅಖಿಲ ಕರ್ನಾಟಕ ಸಂಯುಕ್ತ ಕ್ರೈಸ್ತ ವೇದಿಕೆ ಮತ್ತು ಇವ್ಯಾಂಜೆಲಿಕಲ್ ಸಭೆಗಳ ಒಕ್ಕೂಟ ಒಟ್ಟಾಗಿ ಹೈಕೋರ್ಟಿನ ಮೆಟ್ಟಿಲು ಹತ್ತಿದವು. ಒಬ್ಬರ ದೀಕ್ಷಾಸ್ನಾನವನ್ನು ಒಬ್ಬರು ಒಪ್ಪದವರು ಒಂದೇ ಅರ್ಜಿಗೆ ಸಹಿ ಹಾಕಿದರು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಆ ಕಾಯ್ದೆಯನ್ನು ರದ್ದು ಮಾಡುವ ತೀರ್ಮಾನ ಮಾಡಿತು.

2025ರ ಸೆಪ್ಟೆಂಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಬಂದಾಗ ಮತ್ತೊಂದು ಹಳೆಯ ಪ್ರಶ್ನೆ ಎದ್ದಿತು. ಪಟ್ಟಿಯಲ್ಲಿ ಲಿಂಗಾಯತ ಕ್ರಿಶ್ಚಿಯನ್, ಕುರುಬ ಕ್ರಿಶ್ಚಿಯನ್ ಎಂಬಂಥ ಹೆಸರುಗಳಿದ್ದವು. ಗದ್ದಲವಾಗಿ ಆಯೋಗ ಅವನ್ನು ಮರೆಮಾಡಿತು. ಗದ್ದಲ ಮಾಡಿದವರ ಉದ್ದೇಶ ಏನೇ ಇರಲಿ, ಪಟ್ಟಿ ಸುಳ್ಳು ಹೇಳಿರಲಿಲ್ಲ. ಸಭೆಯ ಭೇದದ ಅಡಿಯಲ್ಲಿ ಜಾತಿಯ ಭೇದ ಮಲಗಿದೆ. ಕರ್ನಾಟಕದ ಮೀಸಲಾತಿಯಲ್ಲೇ ಕ್ರೈಸ್ತರು 3ಬಿ, ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1. ಯಾವ ಸಭೆಯ ಮುಂದಿನ ಬೆಂಚಿನಲ್ಲಿ ಯಾರ ಮನೆತನ, ಯಾವ ತಗಡಿನ ಶೆಡ್ಡಿನಲ್ಲಿ ಯಾರ ಕೇರಿ ಎಂದು ಗದಗದ ಯಾವ ಕ್ರೈಸ್ತನನ್ನು ಕೇಳಿದರೂ ಹೇಳುತ್ತಾನೆ. ಪೆಂತೆಕೊಸ್ತರ ಮೇಲಿನ ಸಿಟ್ಟಿನಲ್ಲಿ ಎಷ್ಟು ಪಾಲು ಸಿದ್ಧಾಂತದ್ದು, ಎಷ್ಟು ಪಾಲು ಜಾತಿಯದು ಎಂಬುದನ್ನು ಹಳೆಯ ಸಭೆಗಳು ಬಾಯಿಬಿಟ್ಟು ಮಾತಾಡಿಲ್ಲ.

ಬೇಲಿ ದಾಟಿದವರೂ ನಮ್ಮಲ್ಲಿದ್ದರು. ಬಾಸೆಲ್ ಮಿಷನ್‌ನ ಸಭಾಪಾಲಕರಾಗಿದ್ದ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಹಾಕಿ 1924ರಲ್ಲಿ ಅಚ್ಚು ಹಾಕಿಸಿದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಬೇರೆ ಧರ್ಮದ ಮಠದ ಮೆಟ್ಟಿಲು ಹತ್ತಿ ಓಲೆಗರಿ ಕೇಳಲು ಅವರಿಗೆ ಸಂಕೋಚ ಆಗಲಿಲ್ಲ. ಅದೇ ಪರಂಪರೆಯ ಇಂದಿನ ಸಭೆಗಳಿಗೆ ಪಕ್ಕದ ಬೀದಿಯ ಕ್ರೈಸ್ತರ ಹೊಸ್ತಿಲು ದಾಟುವುದು ಕಷ್ಟವಾಗಿದೆ. ಮೊದಲು ಆಗಬೇಕಾದ ಕೆಲಸಗಳು ದೊಡ್ಡವೇನಲ್ಲ. ಜಿಲ್ಲೆಯ ಎಲ್ಲ ಸಭೆಯವರಿಗೂ ಒಂದು ಸಾಮಾನ್ಯ ಸ್ಮಶಾನವನ್ನು ಒಟ್ಟಾಗಿ ಕೇಳಿ ಪಡೆಯಲಿ. ಮಿಷನ್ ಆಸ್ತಿಯ ವ್ಯಾಜ್ಯಗಳನ್ನು ಎರಡೂ ಕಡೆಯ ಹಿರಿಯರು ಮಧ್ಯಸ್ಥರ ಮುಂದೆ ತರಲಿ, ಅದರ ಬಾಡಿಗೆಯ ಹಣ ವಕೀಲರ ಫೀಜಿಗೆ ಹೋಗುವುದು ನಿಂತು ಬೆಟಗೇರಿಯ ಜರ್ಮನ್ ದವಾಖಾನೆಯ ಹೆರಿಗೆ ವಾರ್ಡಿಗೆ ಹೋಗಲಿ. ತಗಡಿನ ಶೆಡ್ಡಿನ ಪಾಸ್ಟರ್ ಮೇಲೆ ಮುಂದಿನ ಸಲ ದೂರು ದಾಖಲಾದಾಗ, ಠಾಣೆಗೆ ಅವನ ಜತೆ ಸಿಎಸ್‌ಐ ಸಭಾಪಾಲಕರೂ ಕಥೋಲಿಕ ಗುರುಗಳೂ ಹೋಗಲಿ.